ಮೋರೇರ ಮನೆಗಳಲ್ಲಿ ಕೂತವರು

ನಾನು ಹುಟ್ಟಿ ಬೆಳೆದದ್ದು ಯಲಬುರ್ಗಾ ಕಡೆಯ ಎರೆ ಸೀಮೆಯಲ್ಲಿ. ಅಲ್ಲಿ ಕಲ್ಲು ಅಂದರೆ ಬೀಸುವ ಕಲ್ಲು, ಒಳ್ಳು, ಹೊಲದ ಬದುವಿನ ಗಡಿಗಲ್ಲು, ಅಷ್ಟೇ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿದ ಕರಿಮಣ್ಣು ಕೆರೆಯಲು ಒಂದು ಚೂರು ಕಲ್ಲು ಬೇಕೆಂದರೂ ಹುಡುಕಬೇಕಿತ್ತು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಬಸ್ಸಿನಲ್ಲಿ ಕೊಪ್ಪಳ ದಾಟಿ, ಹಿಟ್ನಾಳದ ಬಳಿ ಹೊರಳಿ, ಗಂಗಾವತಿಯ ಕಡೆ ಹೋಗುವಾಗ ರಸ್ತೆಯ ಎರಡೂ ಬದಿಗೆ ಕಲ್ಲುಗುಡ್ಡಗಳು ಏಳತೊಡಗಿದವು. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ನಿಂತಿದ್ದವು. ಕೆಲವಂತೂ ಅಂಗೈಯಷ್ಟು ಜಾಗದ ಮೇಲೆ. ನಾನು ಕಿಟಕಿ ಬಿಟ್ಟು ಒಳಗೆ ಸರಿದು ಕೂತೆ.

"ಇವು ಬೀಳಂಗಿಲ್ಲೇನ್ರಿ?"

ಅವರು ನಕ್ಕರು. "ನಮ್ಮ ಮುತ್ತ್ಯಾನ ಮುತ್ತ್ಯಾನ ಕಾಲದಾಗಿಂದ ಬಿದ್ದಿಲ್ಲ. ನೀ ಬಂದೀ ಅಂತ ಇವತ್ತ ಬೀಳತಾವೇನು?"

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಮ್ಮವರು ಅರಣ್ಯ ಇಲಾಖೆಯಲ್ಲಿ ಗಾರ್ಡ್. ಅವರ ಮನೆತನದಲ್ಲಿ ಒಕ್ಕಲುತನ ಬಿಟ್ಟು ಸರ್ಕಾರಿ ನೌಕರಿ ಹಿಡಿದವರಲ್ಲಿ ಮೊದಲಿಗರು. ಖಾಕಿ ಅಂಗಿಯನ್ನು ದೇವರ ವಸ್ತ್ರದ ಹಾಗೆ ಮಡಚಿ ಇಡುತ್ತಿದ್ದರು. ಊರ ಹೊರಗೆ, ಗುಡ್ಡದ ಬುಡದಲ್ಲಿ ಎರಡು ಖೋಲಿಯ ಮನೆ ಕೊಟ್ಟಿದ್ದರು. ಮುಂಬಾಗಿಲು ತೆರೆದರೆ ದೂರದಲ್ಲಿ ಕಾಲುವೆ ನೀರಿನ ಭತ್ತದ ಹಸಿರು, ಹಿತ್ತಲ ಬಾಗಿಲು ತೆರೆದರೆ ಗುಡ್ಡ. ಅದು ಮೀಸಲು ಅರಣ್ಯ. ಸುತ್ತಲೂ ಸುಣ್ಣ ಬಳಿದ ಕಲ್ಲಿನ ಗುಪ್ಪೆಗಳಿದ್ದವು. ಅವುಗಳ ಆಚೆ ಕೊಡಲಿ ಬೀಳಬಾರದು, ಆಡು ಮೇಯಬಾರದು, ಬಂಡೆ ಒಡೆಯಬಾರದು. ಇಷ್ಟನ್ನೂ ಕಾಯಲು ಇವರೊಬ್ಬರು, ಒಂದು ಬಡಿಗೆ, ಒಂದು ಸೀಟಿ.

ಊರ ಹೆಣ್ಣುಮಕ್ಕಳು ಬೋರಿಂಗಿನ ಹತ್ತಿರ ನನ್ನನ್ನು ಕಂಡ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ನನ್ನ ಕೊಡ ತುಂಬುವವರೆಗೆ ಹಿಡಿಕೆಯ ಕಿರುಗುಟ್ಟುವ ಸದ್ದೊಂದೇ. ಮೊದಲು ನನಗೆ ತಿಳಿಯಲಿಲ್ಲ. ಹೊಸಬಳೆಂದು ನಾಚುತ್ತಾರೇನೋ ಅಂದುಕೊಂಡೆ. ಒಂದು ದಿನ ಒಬ್ಬ ಮುದುಕಿ ನನ್ನ ಕೊಡದ ಬಾಯಿಗೆ ಕೈ ಅಡ್ಡ ಇಟ್ಟಳು. ತೆಳ್ಳಗೆ, ಎತ್ತರಕ್ಕೆ ಇದ್ದಳು. ಹತ್ತಿಪ್ಪತ್ತು ಆಡು ಸಾಕಿಕೊಂಡು ಒಬ್ಬಳೇ ಬದುಕುತ್ತಿದ್ದವಳು. ಊರೆಲ್ಲ ಅವಳನ್ನು ಆಯಿ ಅನ್ನುತ್ತಿತ್ತು.

"ನಿನ್ನ ಒಲಿಯಾಗ ಏನು ಉರಿತೈತಿ, ಯವ್ವಾ?" ಎಂದು ಕೇಳಿದಳು.

"ಕಟ್ಟಿಗಿ."

"ಎಲ್ಲಿದು?"

ನಮ್ಮ ಹಿತ್ತಲಲ್ಲಿ ಹೊರೆಗಳ ಒಂದು ರಾಶಿ ಇತ್ತು. ಗುಡ್ಡದಿಂದ ಕಟ್ಟಿಗೆ ತರುವ ಹೆಣ್ಣುಮಕ್ಕಳನ್ನು ತಡೆದು ನಮ್ಮವರು ಜಪ್ತಿ ಮಾಡಿದ ಹೊರೆಗಳು. ರೇಂಜ್ ಆಫೀಸಿನ ಗಾಡಿ ಬಂದು ಒಯ್ಯಬೇಕು. ಆ ಗಾಡಿ ಬರುವುದು ಅಪರೂಪ. ಸಂಜೆ ರೊಟ್ಟಿ ಮಾಡುವ ಹೊತ್ತಿಗೆ ನಾನು ಆ ರಾಶಿಯಿಂದಲೇ ನಾಲ್ಕು ಕಟ್ಟಿಗೆ ಎಳೆದುಕೊಳ್ಳುತ್ತಿದ್ದೆ. ಹಿತ್ತಲಲ್ಲಿ ಇರುವುದು ನಮ್ಮದೇ ಎಂಬ ಭಾವನೆ. ಅದು ಯಾರ ತಲೆಯ ಮೇಲಿಂದ ಇಳಿದದ್ದು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

"ಕಟ್ಟಿಗಿ ಸರ್ಕಾರದ್ದು, ಇರಲಿ," ಎಂದಳು ಆಯಿ. "ಅದನ್ನ ಕಟ್ಟಿದ ಹಗ್ಗ ನಂದು. ನಮ್ಮವ್ವನ ಸೀರಿ ಹರದು ಹೊಸೆದದ್ದು. ಹಗ್ಗ ಕೊಡು."

ಸಿಟ್ಟಿಲ್ಲದೆ ಆಡಿದ ಆ ಮಾತಿಗೆ ನನ್ನ ಮುಖ ಸುಟ್ಟಂತಾಯಿತು. ಮನೆಗೆ ಬಂದು ರಾಶಿಯಲ್ಲಿದ್ದ ಒಂದೊಂದೇ ಹೊರೆ ಬಿಚ್ಚಿದೆ. ತೆಂಗಿನ ನಾರಿನ ಹಗ್ಗ, ಪುಂಡಿ ನಾರಿನದು, ಹರಿದ ಧೋತರದ್ದು. ಹಸಿರು ಅಂಚಿನ ಸೀರೆಯದೂ ಸಿಕ್ಕಿತು. ನಮ್ಮವರು ಬೇರೊಂದು ಗುಡ್ಡದ ಕಡೆ ಗಸ್ತಿಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಹೆಣ್ಣುಮಕ್ಕಳು ಗುಡ್ಡದ ದಾರಿ ಹಿಡಿಯುವ ಹೊತ್ತಿಗೆ ನಾನು ಹಗ್ಗಗಳ ಕಟ್ಟು ಹಿಡಿದು ಸುಣ್ಣದ ಗುಪ್ಪೆಯ ಹತ್ತಿರ ನಿಂತಿದ್ದೆ. ಅವರವರ ಹಗ್ಗ ಅವರಿಗೆ ಕೊಟ್ಟೆ. ಒಂದು ಉಳಿಯಿತು. ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ.

"ಇದು ನನಗಿರಲಿ," ಎಂದೆ. "ನಾನೂ ಬರ್ತೀನಿ."

ಅವರು ಮುಖ ಮುಖ ನೋಡಿಕೊಂಡರು. ಗಾರ್ಡಿನ ಹೆಂಡತಿ ಕಟ್ಟಿಗೆಗೆ ಬರುವುದೆಂದರೆ ಏನು? ಕಡೆಗೆ ಆಯಿಯೇ ಅಂದಳು, "ಬರಲಿ ಬಿಡ್ರೆ. ಒಲಿ ಎಲ್ಲಾರ ಮನ್ಯಾಗೂ ಐತಿ."

ಆ ದಿನ ಮೊದಲ ಸಲ ನಾನು ಗುಡ್ಡ ಹತ್ತಿದೆ. ಕೆಳಗಿನಿಂದ ಬರೀ ಕಲ್ಲೆಂದು ಕಾಣುತ್ತಿದ್ದುದರ ಒಳಗೆ ಎಷ್ಟೆಲ್ಲ ಇತ್ತು! ಬಂಡೆಗಳ ಸಂದಿಯಲ್ಲಿ ಹಿಡಿ ಮಣ್ಣು ಸಿಕ್ಕರೆ ಸಾಕು, ಅಲ್ಲೊಂದು ಸೀತಾಫಲದ ಗಿಡ. ಬಾರಿ, ಕವಳಿ, ಕಾರಿಯ ಮುಳ್ಳುಪೊದೆಗಳು, ನಡುನಡುವೆ ಮುತ್ತಲ. ಬಿಸಿಲು ಕಾಯುತ್ತ ಕೂತ ಕೆಂಪು ತಲೆಯ ಓತಿಕ್ಯಾತಗಳು ನಮ್ಮನ್ನು ಕಂಡು ದಂಡ ಹೊಡೆದ ಹಾಗೆ ಮೈ ಕುಣಿಸಿ ಸಂದಿಗೆ ಸರಿದವು. ಎರಡು ಬಂಡೆಗಳ ನಡುವಿನ ತಂಪಿನಲ್ಲಿ ಒಂದು ದೊಣೆ ಇತ್ತು. ಕಲ್ಲಿನ ತಗ್ಗಿನಲ್ಲಿ ನಿಂತ ಮಳೆನೀರು. ಬೇಸಿಗೆಯಲ್ಲೂ ಅದು ಬತ್ತುವುದಿಲ್ಲವಂತೆ. ಸುತ್ತಲಿನ ಕೆಸರಿನಲ್ಲಿ ನವಿಲಿನ ಹೆಜ್ಜೆ, ಮೊಲದ ಹೆಜ್ಜೆ, ಮನುಷ್ಯನ ಪಾದದಂತೆಯೇ ಕಾಣುವ ಅಗಲವಾದ ಇನ್ನೊಂದು ಹೆಜ್ಜೆ.

"ಕರಡೀದು," ಎಂದಳು ಆಯಿ. "ಗಟ್ಟಿಯಾಗಿ ಮಾತಾಡ್ಕೋತ ನಡಿ. ಅದಕ್ಕ ಕಣ್ಣು ಮಂದ, ಕಿವಿ ಮಂದ, ಸಿಟ್ಟು ಮಾತ್ರ ಚುರುಕ. ನಾವು ಬಂದದ್ದು ತಿಳದ್ರ ತಾನಾಗೇ ಸರಿದು ಹೋಗತೈತಿ. ತಿಳೀಲಿಲ್ಲಂದ್ರ ಅದರ ತಪ್ಪಲ್ಲ."

ಅದಕ್ಕೇ ಅವರು ದಾರಿಯುದ್ದಕ್ಕೂ ಅಷ್ಟು ಜೋರಾಗಿ ಮಾತಾಡುತ್ತಿದ್ದರು, ಹಾಡುತ್ತಿದ್ದರು, ನಗುತ್ತಿದ್ದರು. ಬೋರಿಂಗಿನ ಹತ್ತಿರ ಕಳೆದುಹೋಗಿದ್ದ ಮಾತೆಲ್ಲ ನನಗೆ ಆ ಒಂದು ಬೆಳಿಗ್ಗೆ ಸಿಕ್ಕಿತು.

ನೆತ್ತಿಯ ಹತ್ತಿರ ಬಯಲಿನಂಥ ಜಾಗ. ಅಲ್ಲಿ ಸಾಲು ಸಾಲು ಕಲ್ಲಿನ ಮನೆಗಳು. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದವು. ಕೆಲವಕ್ಕೆ ಎದುರಿನ ಗೋಡೆಯಲ್ಲಿ ದುಂಡನೆಯ ಕಿಂಡಿ. ಎಣಿಸಲು ಹೋದರೆ ತಪ್ಪುವಷ್ಟು ಮನೆಗಳು, ಒಂದು ಊರೇ. ನಾನು ಬಗ್ಗಿ ಒಳಗೆ ಇಣುಕಿದರೆ ತಂಪು ಗಾಳಿ ಮುಖಕ್ಕೆ ಬಡಿಯಿತು.

"ಮೋರೇರ ಮನಿ ಇವು," ಎಂದಳು ಆಯಿ. "ಮೊಳದುದ್ದ ಮಂದಿ ಅವರು, ನಿನ್ನ ಮೊಣಕಾಲಿಗೆ ಬರತಿದ್ರು. ಶಕ್ತಿ ಮಾತ್ರ ಆನೀದು. ಬೆಂಕಿ ಮಳಿ ಬರತೈತಿ ಅಂತ ಯಾರೋ ಹೇಳಿದ್ರಂತ. ಅದಕ್ಕ ಕಲ್ಲಿನ ಮನಿ ಕಟಗೊಂಡ್ರು."

"ಬೆಂಕಿ ಮಳಿ ಬಂತಾ?"

"ಯಾರಿಗ್ ಗೊತ್ತು? ಮನಿ ಅಂತೂ ಅದಾವ."

ಇನ್ನೊಂದು ಬಂಡೆಯ ಅಡಿಯಲ್ಲಿ ಕೆಮ್ಮಣ್ಣಿನಿಂದ ಬರೆದ ಚಿತ್ರಗಳನ್ನು ತೋರಿಸಿದಳು. ಜಿಂಕೆಗಳು, ಕುದುರೆಯ ಮೇಲೆ ಕೂತವನು, ಕೈ ಕೈ ಹಿಡಿದು ನಿಂತ ಮಂದಿಯ ಸಾಲು. ಅಲ್ಲಿಂದ ಮುಂದೆ, ಎತ್ತರದ ಹಾಸುಬಂಡೆಯ ಮೇಲೆ, ಬೋರಲು ಹಾಕಿದ ದೊಡ್ಡ ನಗಾರಿಯಂಥ ಒಂದು ಗುಂಡು. ಆಯಿ ಒಂದು ಕಲ್ಲು ತೆಗೆದುಕೊಂಡು ಮೆಲ್ಲಗೆ ಬಡಿದಳು. ಬಂಡೆಯ ಒಳಗಿನಿಂದ 'ಧುಂ' ಎಂದು ಸದ್ದು ಎದ್ದು ನನ್ನ ಪಾದದವರೆಗೆ ಬಂತು.

"ಜೋರ ಬಡದ್ರ ಊರಿಗೆ ಕೇಳತೈತಿ. ಸುಮ್ಮಸುಮ್ಮನ ಬಡೀಬಾರದು," ಎಂದು ಕಲ್ಲನ್ನು ಇದ್ದಲ್ಲೇ ಇಟ್ಟಳು.

ಇಳಿಯುವಾಗ ನನ್ನ ತಲೆಯ ಮೇಲೆ ಒಣಕಟ್ಟಿಗೆಯ ಸಣ್ಣ ಹೊರೆ. ಸುಣ್ಣದ ಗುಪ್ಪೆಯ ಹತ್ತಿರ ಬಂದರೆ ಎದುರಿಗೆ ನಮ್ಮವರು! ಗಸ್ತು ಮುಗಿಸಿ ಬೇಗ ಬಂದಿದ್ದರು. ಸೀಟಿ ಬಾಯಲ್ಲೇ ಇತ್ತು. ಸಾಲಿನಲ್ಲಿ ಮೂರನೆಯವಳು ನಾನು ಅಂತ ಕಂಡಾಗ ಅದು ತಾನಾಗಿಯೇ ಬಾಯಿಂದ ಬಿತ್ತು.

ಯಾರೂ ಅಲುಗಲಿಲ್ಲ. ನಾನು ಮುಂದೆ ಬಂದು ನಿಂತೆ.

"ಜಪ್ತಿ ಮಾಡ್ರಿ," ಎಂದೆ. "ಮೊದಲ ನನ್ನ ಹೊರಿ ಇಳಸ್ರಿ."

ಅವರು ನನ್ನನ್ನು ನೋಡಿದರು, ಹೊರೆಯನ್ನು ನೋಡಿದರು, ಆಯಿಯನ್ನು ನೋಡಿದರು. ಆಮೇಲೆ ಬಗ್ಗಿ ಸೀಟಿ ಎತ್ತಿಕೊಂಡು ಬೇರೆ ದಾರಿ ಹಿಡಿದು ಹೋದರು.

ಊಟಕ್ಕೆ ಕೂತಾಗ ಮಾತು ತೆಗೆದರು. ಸಿಟ್ಟಿಗಿಂತ ಹೆಚ್ಚು ಅವರ ದನಿಯಲ್ಲಿ ಇದ್ದದ್ದು ದಣಿವು. "ನನಗೂ ಗೊತ್ತೈತಿ, ಅವರ ಮನ್ಯಾಗ ಬ್ಯಾರೆ ಉರುವಲ ಇಲ್ಲ. ಆದ್ರ ಕೊಡ್ಲಿ ಬಿದ್ದಲ್ಲಿ ಮತ್ತ ಗಿಡ ಏಳಂಗಿಲ್ಲ. ಈ ಕಲ್ಲಾಗ ಒಂದು ಗಿಡ ಬೆಳಿಯಾಕ ಎಷ್ಟು ವರ್ಷ ಬೇಕು, ಹೇಳು ನೋಡೋಣು."

"ಕೊಡ್ಲಿ ಬ್ಯಾಡ. ಬಿದ್ದ ಒಣಕಟ್ಟಿಗಿ ಕೈಲೇ ಆರಿಸ್ಕೊಂಡ್ರ?"

ಅವರು ಇನ್ನೊಂದು ರೊಟ್ಟಿ ಮುರಿದರು. "ಕೈಲೇ ಆರಿಸಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಆಡು ಮಾತ್ರ ದೊಣಿ ದಾಟಿ ಮ್ಯಾಲ ಬರಬಾರದು. ಅಲ್ಲಿ ಎಳೇ ಗಿಡ ಅದಾವ."

ಈ ಮಾತನ್ನು ನಾನೇ ಬೋರಿಂಗಿಗೆ ಒಯ್ದೆ. ಅರ್ಧ ದಿನ ವಾದ ನಡೆಯಿತು. ಕಡೆಗೆ ಒಪ್ಪಿದರು. ಕೊಡಲಿಗಳು ಮನೆಯಲ್ಲಿ ಉಳಿದವು. ಆಯಿಯ ಆಡುಗಳು ದೊಣೆಯ ಕೆಳಗೆ ಉಳಿದವು, ಬಹುತೇಕ. ನಮ್ಮ ಹಿತ್ತಲ ರಾಶಿ ಕರಗಿತು. ಹೊಸದು ಬೆಳೆಯಲಿಲ್ಲ.

ಆದರೆ ನಮ್ಮವರು ಒಂದು ಮಾತು ಕಲಿಯಲಿಲ್ಲ. ಕಳ್ಳರನ್ನು ಹಿಡಿಯುವ ರೂಢಿಯಿಂದ ಅವರು ಗುಡ್ಡದಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದರು. ಮರುವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಬಂಡೆಯ ತಿರುವಿನಲ್ಲಿ ತಾಯಿಕರಡಿಯೊಂದು ಮಾರು ದೂರದಲ್ಲಿ ಎದುರಾಯಿತು. ಬೆನ್ನ ಮೇಲೆ ಎರಡು ಮರಿ ಕೂಡ್ರಿಸಿಕೊಂಡಿತ್ತು. ಅದು ಎದ್ದು ನಿಂತು ಅಬ್ಬರಿಸಿತು. ಇವರು ಹಿಂದೆ ಜಿಗಿದರು. ಹಿಂದೆ ನೆಲವಿರಲಿಲ್ಲ. ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ಎರಡಾಳುದ್ದ ಕೆಳಗೆ ಹೋಗಿ ಬಿದ್ದರು. ಕರಡಿ ಮರಿಗಳನ್ನು ಹೊತ್ತು ತನ್ನ ದಾರಿ ಹಿಡಿಯಿತು. ಇವರ ಕಾಲೆಲುಬು ಮೊಣಕಾಲ ಕೆಳಗೆ ಮುರಿದಿತ್ತು.

ನಾನು ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಬಿಸಿಲು ನೆತ್ತಿಗೆ ಬಂದಿತ್ತು. ಎಲ್ಲಿಂದಲೋ 'ಧುಂ' ಎಂದಿತು. ಮತ್ತೆ 'ಧುಂ'. ನಿಲ್ಲಲೇ ಇಲ್ಲ. ಹಬ್ಬವಲ್ಲ, ಹುಣ್ಣಿಮೆಯಲ್ಲ. ಹುಲಿಗಿಯ ಗುಡಿಗೆ ಹೊರಟ ಗಾಡಿಗಳ ಡೊಳ್ಳಿರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಸದ್ದು ಬರುತ್ತಿದ್ದುದು ರಸ್ತೆಯಿಂದಲ್ಲ, ಗುಡ್ಡದ ನೆತ್ತಿಯಿಂದ. ಮೊರ ಕೈಬಿಟ್ಟು ಓಡಿದೆ. ಊರೂ ಓಡಿ ಬರುತ್ತಿತ್ತು. ಹೊಲದಲ್ಲಿದ್ದವರು, ಕಟ್ಟೆಯ ಮೇಲಿದ್ದವರು, ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ.

ನಗಾರಿ ಗುಂಡಿನ ಮೇಲೆ ಆಯಿ ಎರಡೂ ಕೈಯಲ್ಲಿ ಕಲ್ಲು ಹಿಡಿದು ಬಡಿಯುತ್ತಿದ್ದಳು. ಅಂಗೈಗಳಿಂದ ರಕ್ತ ಸೋರುತ್ತಿತ್ತು. ನಮ್ಮವರ ಸೀಟಿಯ ಸದ್ದು ಕೇಳಿ, ಸೀಳಿನಲ್ಲಿ ಅವರನ್ನು ಕಂಡು, ಒಬ್ಬಳಿಂದ ಎತ್ತಲಾಗದೆ, ದೊಣೆಯಿಂದ ಸೆರಗಿನಲ್ಲಿ ನೀರು ಅದ್ದಿ ತಂದು ಹಿಂಡಿ ಕುಡಿಸಿ, ಆಮೇಲೆ ಮೇಲಕ್ಕೆ ಓಡಿದ್ದಳು. ಒಂದು ಕಾಲದಲ್ಲಿ ಇವರೇ ಅವಳ ಆಡುಗಳನ್ನು ಸರ್ಕಾರಿ ದೊಡ್ಡಿಗೆ ಅಟ್ಟಿದ್ದರು.

ಗಂಡಸರು ಕಂಬಳಿಯಲ್ಲಿ ಕಟ್ಟಿ ಅವರನ್ನು ಇಳಿಸಿದರು. ಭತ್ತ ಹೊರುವ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಗಂಗಾವತಿಯ ದವಾಖಾನೆಗೆ ಒಯ್ದೆವು. ದಾರಿಯಲ್ಲಿ ಅವರು ಹಲ್ಲು ಕಚ್ಚಿಕೊಂಡೇ ಅಂದರು, "ಇನ್ನ ಮುಂದ ನಾನೂ ಹಾಡ್ಕೋತ ಹೋಗ್ತೀನಿ ಬಿಡು." ಅಷ್ಟು ಹೊತ್ತು ತಡೆದಿದ್ದ ಅಳು ನನಗೆ ಆಗ ಬಂತು.

ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದರು. ತಿಂಗಳುಗಟ್ಟಲೆ ಏಳುವ ಹಾಗಿರಲಿಲ್ಲ. ಗುಡ್ಡಕ್ಕೆ ಈಗ ಗಾರ್ಡ್ ಇಲ್ಲ ಎಂಬ ಸುದ್ದಿ ಬಯಲಿಗೆ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಪ್ಲಾಸ್ಟರ್ ಬಿಚ್ಚಲು ಇನ್ನೂ ಕೆಲವು ವಾರ ಇರುವಾಗ, ಕಟ್ಟಿಗೆಗೆ ಹೋಗಿದ್ದ ಒಬ್ಬಳು ಏದುಸಿರು ಬಿಡುತ್ತ ನಮ್ಮ ಪಡಸಾಲೆಗೆ ಬಂದಳು.

"ಅಕ್ಕಾ, ಗುಡ್ಡದ ಆಚಿ ಮಗ್ಗಲಿಗೆ ಟ್ರ್ಯಾಕ್ಟರ್ ನಿಂತೈತಿ. ಹಾರಿ, ಸುತ್ತಿಗಿ ತಗೊಂಡು ಆರೇಳು ಮಂದಿ ಮ್ಯಾಲ ಹೋಗ್ಯಾರ. ಮೋರೇರ ಮನೀ ಕಡೆ."

ಬಯಲ ಕಡೆಯ ಯಾರೋ ಗುತ್ತೇದಾರನಿಗೆ ಗೋದಾಮಿಗೆ ಚಪ್ಪಡಿ ಬೇಕಿತ್ತಂತೆ. ಸೀಳಿ ತಯಾರಾದ ಚಪ್ಪಡಿಗಳು ಗುಡ್ಡದ ಮೇಲೆ ಸುಮ್ಮನೆ ನಿಂತಿವೆ ಎಂದು ಯಾರೋ ಹೇಳಿದ್ದರು.

ನಮ್ಮವರು ಗೋಡೆ ಹಿಡಿದು ಎದ್ದು ನಿಲ್ಲಲು ನೋಡಿದರು. ಆಗಲಿಲ್ಲ. ಕೂತಲ್ಲೇ ರೇಂಜ್ ಆಫೀಸಿಗೆ ಚೀಟಿ ಬರೆದು ಬಸ್ಸಿಗೆ ಹೋಗುವವರ ಕೈಗೆ ಕೊಟ್ಟರು. ಅದು ಮುಟ್ಟಿ, ಅವರು ಬರುವ ಹೊತ್ತಿಗೆ ಏನು ಉಳಿದಿರುತ್ತದೆ?

"ನಾ ಹೋಗ್ತೀನ್ರಿ," ಎಂದೆ.

"ಹೋಗಿ ಏನ್ ಮಾಡ್ತಿ?"

"ಗೊತ್ತಿಲ್ಲ. ಹೋಗಿ ನೋಡ್ತೀನಿ."

ಅವರು ಜೇಬಿನ ಸೀಟಿ ತೆಗೆದು ನನಗೆ ಕೊಟ್ಟರು.

ಬೋರಿಂಗಿನ ಹತ್ತಿರ ಇದ್ದವರು ಕೊಡ ಅಲ್ಲೇ ಇಟ್ಟು ಬಂದರು. ಆಯಿಯೂ ಸೇರಿ ನಾವು ಒಂಬತ್ತು ಜನ. ಮೇಲೆ ಮುಟ್ಟುವಷ್ಟರಲ್ಲಿ ಒಂದು ಮನೆ ಬಿದ್ದಿತ್ತು. ಮೇಲು ಹೊದಿಕೆಯ ಚಪ್ಪಡಿ ಎರಡು ತುಂಡಾಗಿ ನೆಲಕ್ಕೆ ಬಿದ್ದಿತ್ತು. ಸೀಳಿದ ಅಂಚು ಮಾತ್ರ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಎರಡನೆಯದರ ಬುಡಕ್ಕೆ ಹಾರಿ ಹಾಕುತ್ತಿದ್ದರು. ನಾನು ಸೀಟಿ ಊದಿದೆ. ಉಸಿರು ಸಾಲದೆ ಅದು ಹಕ್ಕಿ ಕೂಗಿದ ಹಾಗೆ ಕೇಳಿಸಿತು. ಅವರು ತಿರುಗಿ ನೋಡಿ ನಕ್ಕರು.

ಅವರ ಮೇಸ್ತ್ರಿ ನಡುವಯಸ್ಸಿನವನು, ಕೈಬೆರಳುಗಳು ಕಲ್ಲಿನ ಪುಡಿಯಿಂದ ಬೂದಿಬಣ್ಣವಾಗಿದ್ದವು. ಒರಟನಲ್ಲ. "ನಮ್ಮ ಕೆಲಸ ನಾವು ಮಾಡಾಕತ್ತೀವಿ, ನಿಮ್ಮ ಕೆಲಸ ನೀವು ಮಾಡ್ಕೋರಿ ಹೋಗ್ರಿ," ಎಂದ.

ಆಯಿ ನೆಟ್ಟಗೆ ನಡೆದು ಹೋಗಿ, ಹಾರಿ ಹಾಕಿದ್ದ ಆ ಮನೆಯೊಳಗೆ ಬಗ್ಗಿ ಹೊಕ್ಕು ಕೂತುಬಿಟ್ಟಳು. ದುಂಡನೆಯ ಕಿಂಡಿಯಿಂದ ಅವಳ ಮುಖ ಹೊರಗೆ ಬಂತು.

"ಯಾರ ಮನಿ ಒಡಿಯಾಕ ಬಂದೀಯೋ, ತಮ್ಮಾ?"

"ಇದೇನು ನಿನ್ನ ಮನೀನೇನಬೇ?"

"ಮೋರೇರದ್ದು. ಅವರು ಊರಿಗೆ ಹೋಗ್ಯಾರ. ಬರೂತನಕ ಕಾಯ್ರಿ ಅಂತ ನಮಗ ಹೇಳಿ ಹೋಗ್ಯಾರ."

ಹುಡುಗರಲ್ಲಿ ಒಬ್ಬ ನಗು ತಡೆಯಲಾರದೆ ಮುಖ ತಿರುಗಿಸಿದ. ಮೇಸ್ತ್ರಿ ಪಕ್ಕದ ಮನೆಯ ಕಡೆ ಕೈ ಮಾಡಿದ. ಅವರು ಹಾರಿ ಎತ್ತಿಕೊಂಡು ಹೋಗುವಷ್ಟರಲ್ಲಿ ನಮ್ಮವಳೊಬ್ಬಳು ಓಡಿ ಅದರೊಳಗೆ ಕೂತಳು. ಮೂರನೆಯದಕ್ಕೆ ಹೋದರೆ ಅಲ್ಲಿ ಇನ್ನೊಬ್ಬಳು. ನಾನೂ ಒಂದರಲ್ಲಿ ನುಸುಳಿದೆ. ಅವರು ಎತ್ತ ಹೋದರೆ ಅತ್ತ ಒಬ್ಬಳು ಎದ್ದು ಓಡುವುದು, ಹೊಕ್ಕು ಕೂಡ್ರುವುದು. ಹೆಂಗಸರ ಮೈ ಮುಟ್ಟಿ ಎಳೆಯುವ ಜಾಯಮಾನದವರಲ್ಲ ಅವರು. ಬಿಸಿಲೇರಿತು. ಈ ಆಟ ಎಷ್ಟು ಹೊತ್ತು ನಡೆಯಿತೋ ನೆನಪಿಲ್ಲ.

ನೆನಪಿರುವುದು ಆ ಮನೆಯ ಒಳಗು. ಮೊಣಕಾಲು ಎದೆಗೆ ಹಚ್ಚಿ ಕೂತಿದ್ದೆ. ಬೆನ್ನಿಗೆ ಚಪ್ಪಡಿಯ ತಂಪು. ಕಿಂಡಿಯಿಂದ ನೋಡಿದರೆ ಕೆಳಗೆ ನಮ್ಮ ಮನೆಯ ಹೆಂಚು, ಕಾಲುವೆಯ ಹಸಿರು, ಅದರಾಚೆ ಬಯಲು ಬೆಳ್ಳಗೆ ಮಸುಕಾಗುವ ಕಡೆ ನನ್ನ ತವರಿನ ದಿಕ್ಕು. ಇದನ್ನು ಕಟ್ಟಿದವರೂ ಇಲ್ಲಿಂದಲೇ ನೋಡಿದ್ದರೇನೋ. ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಈ ಕಲ್ಲುಗಳು ಬೀಳುತ್ತವೆಂದು ಬಸ್ಸಿನಲ್ಲಿ ಸರಿದು ಕೂತಿದ್ದವಳು ನಾನು. ಈಗ ಅವುಗಳ ಅಡಿಯಲ್ಲೇ ಕೂತಿದ್ದೆ, ಬೀಳದಿರಲಿ ಎಂದು.

ಮಧ್ಯಾಹ್ನಕ್ಕೆ ಅವರೂ ಸೋತು ನೆರಳು ಹುಡುಕಿ ಕೂತರು. ಗುಡ್ಡ ಹತ್ತುವ ಅವಸರದಲ್ಲಿ ಬುತ್ತಿಯನ್ನು ಟ್ರ್ಯಾಕ್ಟರಿನಲ್ಲೇ ಬಿಟ್ಟು ಬಂದಿದ್ದರು. ಆಯಿ ಆಡು ಕಾಯಲು ಹೊರಟಾಗ ಕಟ್ಟಿಕೊಂಡಿದ್ದ ಬುತ್ತಿ ಬಿಚ್ಚಿದಳು. ಸಜ್ಜಿ ರೊಟ್ಟಿ, ಪುಂಡಿಪಲ್ಲೆ. ಮುರಿದು ಮುರಿದು ಎಲ್ಲರ ಕೈಗೂ ಕೊಟ್ಟಳು, ಅವರಿಗೂ. ಮೇಸ್ತ್ರಿ ಮೊದಲು ಬೇಡವೆಂದ. "ಜಗಳ ಬ್ಯಾರೆ, ಹಸಿವು ಬ್ಯಾರೆ. ತಿನ್ನು," ಎಂದಳು.

ತಿಂದು, ಕೈ ಒರೆಸಿಕೊಂಡು, ಅವನು ಆಯಿ ಕೂತಿದ್ದ ಮನೆಯ ಗೋಡೆಯನ್ನು ಸುಮ್ಮನೆ ಸವರಿ ನೋಡಿದ. ಬೆರಳು ಒಂದು ಕಡೆ ನಿಂತಿತು. ಮತ್ತೆ ಸವರಿದ. ಕುಕ್ಕರಗಾಲಲ್ಲಿ ಕೂತು ಅಂಚಿಗೆ ಕಣ್ಣು ಹಚ್ಚಿದ. ಹುಡುಗರನ್ನು ಕರೆದ.

"ನೋಡ್ರಿಲ್ಲಿ. ಉಳೀ ಗುರುತು ಎಲ್ಲೆರ ಐತೇನು?"

ಇರಲಿಲ್ಲ.

"ಬಂಡೆಗಲ್ಲಿಗೆ ಬೆಂಕಿ ಕೊಟ್ಟು ಕಾಸಿ, ಮ್ಯಾಲ ನೀರು ಹೊಯ್ದು ಪದರು ಎಬ್ಬಿಸಿರಬೇಕು. ಕಲ್ಲಿನ ನರ ಗೊತ್ತಿಲ್ಲಾಂದ್ರ ಇದು ಆಗೂ ಮಾತಲ್ಲ." ಕಿಂಡಿಯ ದುಂಡನ್ನು ಅಂಗೈಯಿಂದ ಅಳೆದ. "ಇದನ್ನ ಹಿಂಗ ದುಂಡಗ ಮಾಡಾಕ ಎಷ್ಟು ದಿನಾ ಕುಟ್ಯಾನೋ, ಪುಣ್ಯಾತ್ಮ."

ಆಮೇಲೆ ತುಂಡಾಗಿ ಬಿದ್ದಿದ್ದ ಚಪ್ಪಡಿಯ ಹತ್ತಿರ ಹೋಗಿ ನಿಂತ. ಕಲ್ಲನ್ನು ಓದಲು ಬಲ್ಲವನಿಗೆ ತಾನು ಏನು ಮುರಿದೆ ಎಂದು ಆಗ ತಿಳಿದಿರಬೇಕು. ತಿರುಗಿ ಬಂದು ಹಾರಿಗಳನ್ನು ಕಟ್ಟಲು ಹೇಳಿದ.

"ಗುತ್ತೇದಾರಗ ಏನ್ ಹೇಳ್ತಿ?" ಎಂದು ಆಯಿ ಕೇಳಿದಳು.

"ಕಲ್ಲು ಪದರು ಬಿಟ್ಟಾವ, ಗೋದಾಮಿಗೆ ಬರಂಗಿಲ್ಲ ಅಂತೀನಿ. ಕಲ್ಲಿನ ವಿಷಯದಾಗ ನನ್ನ ಮಾತ ಮೀರಂಗಿಲ್ಲ ಆತ." ಹೋಗುವಾಗ ಬಿದ್ದ ಮನೆಯ ಕಡೆ ನೋಡಿ ಮೆಲ್ಲಗೆ ಅಂದ, "ಅದೊಂದು ತಪ್ಪಾತವ್ವ."

ಎರಡು ದಿನದ ಮೇಲೆ ರೇಂಜ್ ಸಾಹೇಬರು ಬಂದರು. ಗುಡ್ಡ ಹತ್ತಿ ನೋಡಿದರು. ಕೆಲವು ತಿಂಗಳಲ್ಲಿ ಮೇಲೊಂದು ಫಲಕ ಬಂತು, ಇಲ್ಲಿನ ಕಲ್ಲು ಮುಟ್ಟುವುದು ಅಪರಾಧವೆಂದು. ನಮ್ಮವರು ಕೂತಲ್ಲೇ ವರದಿ ಬರೆದರು. ಅವರ ಹಳೆಯ ಪುಸ್ತಕದಲ್ಲಿ ಇದೇ ಹೆಣ್ಣುಮಕ್ಕಳ ಬಗ್ಗೆ 'ಅಕ್ರಮವಾಗಿ ಪ್ರವೇಶಿಸಿದವರು' ಎಂದು ಪುಟಗಟ್ಟಲೆ ಇತ್ತು. ಈ ಸಲ 'ಗ್ರಾಮದ ಮಹಿಳೆಯರು ರಕ್ಷಿಸಿರುತ್ತಾರೆ' ಎಂದು ಬರೆದು, ಒಂಬತ್ತೂ ಜನರ ಹೆಸರನ್ನು ಕೇಳಿ ಕೇಳಿ ಸೇರಿಸಿದರು. ಆಯಿಗೆ ತನ್ನದೊಂದು ಹೆಸರಿದೆ ಎಂದು ಊರಿಗೆ ನೆನಪಾದದ್ದು ಆವತ್ತೇ.

ಎಂಬತ್ತರ ದಶಕ ಬಂದ ಮೇಲೆ ಒಬ್ಬ ವಯಸ್ಸಾದ ವಿದ್ವಾಂಸರು ಛತ್ರಿ, ಟೇಪು, ನೋಟುಬುಕ್ಕು ಹಿಡಿದು ಬಂದು ವಾರಗಟ್ಟಲೆ ಉಳಿದರು. ಆಯಿಯೇ ಅವರಿಗೆ ದಾರಿ ತೋರಿಸುವವಳು. ಬೆಂಕಿ ಮಳೆಯ ಕಥೆಯನ್ನು ಅವರು ಶ್ರದ್ಧೆಯಿಂದ ಬರೆದುಕೊಂಡರು. ಬರೆದಾದ ಮೇಲೆ ಸಂಕೋಚದಿಂದ ಹೇಳಿದರು, "ಅಮ್ಮಾ, ನಮಗೆ ತಿಳಿದ ಮಟ್ಟಿಗೆ ಇವು ಬದುಕಿದ್ದವರ ಮನೆಗಳಲ್ಲ. ತೀರಿಹೋದವರಿಗಾಗಿ ಕಟ್ಟಿದ್ದು. ಸಾವಿರಾರು ವರ್ಷದ ಹಿಂದೆ."

ಅವಳಿಗೆ ಬೇಸರವಾದೀತೆಂದು ನಾನು ಹೆದರಿದೆ. ಆಯಿ ಸ್ವಲ್ಪ ಯೋಚಿಸಿ ಅಂದಳು, "ಹಂಗಾದ್ರ ಇನ್ನೂ ಛಲೋ ಆತಲ್ರೀ. ಸತ್ತವರಿಗೆ ಇಷ್ಟು ಗಟ್ಟಿ ಮನಿ ಕಟ್ಟಿದ ಮಂದಿ, ಇದ್ದವರನ್ನ ಎಷ್ಟು ಛಲೋ ನೋಡಿಕೊಂಡಿರಬೇಕು."

ಅವರು ಇದನ್ನೂ ಬರೆದುಕೊಂಡರು.

ನಮ್ಮವರ ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಅದೇ ವರ್ಷಗಳಲ್ಲಿ ಇಲಾಖೆಯವರು ಊರ ಕೆರೆಯ ಹತ್ತಿರ ಒಂದು ನರ್ಸರಿ ಮಾಡಿದರು. ಕರಿ ಚೀಲಗಳಿಗೆ ಮಣ್ಣು ತುಂಬಿ ಬೀಜ ಹಾಕುವ ಕೆಲಸಕ್ಕೆ ನಾವೆಲ್ಲ ಹೋದೆವು. ಬೇವು, ಹುಣಸೆ, ಸೀತಾಫಲ. ಗುಡ್ಡದ ಬೀಜ ಯಾವಾಗ ಆರಿಸಬೇಕು, ಯಾವುದನ್ನು ನೆನೆಸಬೇಕು, ಯಾವುದು ಆಡಿನ ಹೊಟ್ಟೆಯಿಂದ ಬಂದರೇ ಚೆನ್ನಾಗಿ ಮೊಳೆಯುತ್ತದೆ, ಎಲ್ಲ ಆಯಿಗೆ ಗೊತ್ತಿತ್ತು. ಮೊದಲ ಮಳೆ ಬಿದ್ದ ಮೇಲೆ ಸಸಿಗಳನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ಒಯ್ದು, ಬಂಡೆಗಳ ಸಂದಿಯಲ್ಲಿ ಮಣ್ಣು ಸಿಕ್ಕಲ್ಲೆಲ್ಲ ನೆಟ್ಟೆವು. ಜೋರಾಗಿ ಹಾಡುತ್ತಲೇ. ನಮ್ಮವರ ದನಿ ಎಲ್ಲರಿಗಿಂತ ಕೆಟ್ಟದಾಗಿತ್ತು, ಎಲ್ಲರಿಗಿಂತ ದೊಡ್ಡದಾಗಿತ್ತು.

ವಾರದ ನಂತರ ಸಸಿಗಳು ಹೇಗಿವೆ ಎಂದು ನೋಡಲು ನಾನೂ ಆಯಿಯೂ ಬೆಳಿಗ್ಗೆ ಹತ್ತಿದೆವು. ಮುಕ್ಕಾಲು ಪಾಲು ಚಿಗುರಿದ್ದವು. ದೊಣೆಯ ಮೇಲಿನ ಒಂದು ಸಾಲನ್ನು ಮಾತ್ರ ಯಾವುದೋ ಪ್ರಾಣಿ ನುಣ್ಣಗೆ ಮೇಯ್ದಿತ್ತು.

"ಮೊಲ ಇರಬೇಕು," ಎಂದಳು ಆಯಿ, ನನ್ನ ಮುಖ ನೋಡದೆ.

ಹಸಿ ಮಣ್ಣಿನಲ್ಲಿ ಆಡಿನ ಗೊರಸಿನ ಗುರುತು ಅಚ್ಚೊತ್ತಿದಂತೆ ಇತ್ತು. ನಾನು ಬಗ್ಗಿ ಅದನ್ನು ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಗಿಸಿ, "ನಡಿ, ನರ್ಸರ್ಯಾಗ ಇನ್ನೂ ಸಸಿ ಉಳದಾವ. ಈ ಸಾಲು ನಾನೇ ಹಚ್ಚತೀನಿ," ಎಂದು ಇಳಿಯತೊಡಗಿದಳು. ದಾರಿಯುದ್ದಕ್ಕೂ ಆಡುಗಳನ್ನು ಗಟ್ಟಿಯಾಗಿ ಬೈಯುತ್ತಿದ್ದಳು, ಅಷ್ಟೂ ಗುಡ್ಡಕ್ಕೆ ಕೇಳುವ ಹಾಗೆ.